ಮುರುಗಲ ತುಪ್ಪವೂ ಪಾದದಾರಿಯೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಗಳಲ್ಲಿ ಮಳೆಗಾಲವು ಕಳೆದು ಮಾಗಿಯ ಒಣಗಾಳಿಯು ಮೊದಲಾಗುತ್ತಲೇ ಚರ್ಮವು ಬಿರಿಯುವುದೂ, ಅದಕ್ಕೆ ಮುರುಗಲ ತುಪ್ಪವನ್ನು ಹಚ್ಚುವುದೂ ಬಹುಕಾಲದ ರೂಢಿ. ಮುರುಗಲೆಂದರೆ ದಕ್ಷಿಣ ಕನ್ನಡದವರ ಪುನರ್ಪುಳಿ. ಸಸ್ಯಶಾಸ್ತ್ರಜ್ಞರ ಗಾರ್ಸೀನಿಯಾ ಇಂಡಿಕಾ. ಬೀಜಗಳನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುವುದು. ಆರಿದ ಮೇಲೆ ಅದನ್ನು ತೆಗೆದು ಉಂಡೆಕಟ್ಟಿ ಇಡುವರು. ಉಪ್ಪಾಗೆಯ ಬೀಜದಿಂದಲೂ ಹೀಗೆಯೇ ತುಪ್ಪವನ್ನು ತೆಗೆಯುವುದುಂಟು. ಅದು ಅಡಿಗೆಗೂ ಸಲ್ಲುವುದು.

ಇದನ್ನು ‘ತುಪ್ಪ’ವೆಂದು ಏಕೆ ಕರೆದರು? ಸಂಸ್ಕೃತ ವೈದ್ಯಗ್ರಂಥಗಳು ಸ್ನೇಹವನ್ನು ಘೃತ, ತೈಲ, ವಸಾ, ಮಜ್ಜಾ ಎಂದು ನಾಲ್ಕಾಗಿ ವಿಭಾಗಿಸುತ್ತವೆ. ಆ ಲೆಕ್ಕದಲ್ಲಿ ಬೀಜದಿಂದ ಬಂದುದು ತೈಲವೇ ಆಗಬೇಕು. ಕನ್ನಡಿಗನಾದರೋ ಉತ್ಪತ್ತಿಯನ್ನು ನೋಡದೆ ಸ್ವಭಾವವನ್ನು ನೋಡಿ, ಹೆಪ್ಪುಗಟ್ಟುವ ಈ ವಸ್ತುವನ್ನು ಎಣ್ಣೆಯೆನ್ನದೆ ತುಪ್ಪವೆಂದನು. ನಮ್ಮ ನಿಘಂಟುಕಾರರು ಗಮನಿಸತಕ್ಕ ವಿವೇಕವಿದು, ರಸಾಯನಶಾಸ್ತ್ರಕ್ಕೂ ಒಪ್ಪತಕ್ಕುದು. ಇದರಲ್ಲಿ ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲಗಳ ಅಂಶವೇ ಅಧಿಕ. ತೆಂಗಿನೆಣ್ಣೆಯು ಸುಮಾರು 25 ಡಿಗ್ರಿ ಸೆಂಟಿಗ್ರೇಡಿಗೇ ಕರಗಿದರೆ, ಮುರುಗಲ ತುಪ್ಪವು ಹೆಚ್ಚುಕಡಮೆ 40ರವರೆಗೆ ಗಟ್ಟಿಯಾಗಿರುವುದು. ಆದುದರಿಂದಲೇ ಅದು ಹಿಮ್ಮಡಿಯಿಂದ ಹರಿದುಹೋಗದೆ ನಿಂತು, ಚರ್ಮದ ನೀರು ಆವಿಯಾಗುವುದನ್ನು ತಡೆಯುತ್ತದೆ.

ಆದರೆ ಸಸ್ಯಜನ್ಯವೆಂಬ ಮಾತ್ರಕ್ಕೆ ಪ್ರತಿಯೊಂದು ಜಿಡ್ಡೂ ಹಿತವಲ್ಲ. 2004ರಲ್ಲಿ ಪ್ರಕಟವಾದ ಫಿಲಿಪೈನ್ಸ್ ದೇಶದ ಪರೀಕ್ಷೆಯೊಂದರಲ್ಲಿ ಒಣಚರ್ಮದ 34 ಮಂದಿಗೆ ತೆಂಗಿನೆಣ್ಣೆಯು ಖನಿಜತೈಲದಷ್ಟೇ ಗುಣವನ್ನು ಕೊಟ್ಟಿತು. 2013ರ ಮತ್ತೊಂದು ಪರೀಕ್ಷೆಯಲ್ಲಿ ಆಲಿವ್ ಎಣ್ಣೆಯು ಚರ್ಮದ ಹೊರಪದರವನ್ನು ದುರ್ಬಲಗೊಳಿಸಿತು. ಸೂರ್ಯಕಾಂತಿಯ ಎಣ್ಣೆಯು ಹಾಗೆ ಮಾಡಲಿಲ್ಲ.

ಇನ್ನು ರೋಗನಾಮಗಳ ವಿಚಾರ. ಹೆಚ್ಚು ನಡೆಯುವವರ ಅಂಗಾಲನ್ನು ವಾತವು ರೂಕ್ಷಮಾಡಿ ಬಿರಿಯಿಸುವುದನ್ನು ಸುಶ್ರುತನು ಪಾದದಾರಿಯೆಂದು ಕ್ಷುದ್ರರೋಗಗಳಲ್ಲಿ ಎಣಿಸಿದ್ದಾನೆ. ಚರಕನು ಹೇಳುವ ವಿಪಾದಿಕೆಯು ಕೈಕಾಲುಗಳೆರಡನ್ನೂ ಒಡೆಯಿಸುವ, ತೀವ್ರವೇದನೆಯುಳ್ಳ ಕುಷ್ಠಭೇದ. ಇಂದಿನವರು ಅದನ್ನು ಸೋರಿಯಾಸಿಸ್ ಮೊದಲಾದವುಗಳೊಡನೆ ಹೋಲಿಸುತ್ತಾರೆ. ಇವೆರಡನ್ನೂ ‘ಕಾಲೊಡಕು’ ಎಂಬ ಒಂದೇ ಮಾತಿನಿಂದ ಪಾಠಹೇಳಿಬಿಡುವುದು ಅರ್ಥಕ್ಕೂ ರೋಗಿಗೂ ಹಾನಿಕರ. ಪಾದದಾರಿಗೆ ಜಿಡ್ಡು ಸಾಕಾಗಬಹುದು, ವಿಪಾದಿಕೆಗೆ ಸಾಲದು. ಮಧುಮೇಹವುಳ್ಳವರ ಕಾಲಿನಲ್ಲಿ ಆಳವಾದ ಬಿರುಕೆದ್ದರೆ ಅದು ನೋವಿಲ್ಲದೆಯೇ ಹುಣ್ಣಾಗಬಲ್ಲುದಾದುದರಿಂದ, ತುಪ್ಪದ ಉಂಡೆಯನ್ನು ಬದಿಗಿಟ್ಟು ವೈದ್ಯನಲ್ಲಿಗೆ ಹೋಗತಕ್ಕುದು.