ದೊಡ್ಡ ಹಾಳೆಯ ಲೆಕ್ಕಾಚಾರ: ನಕ್ಷೆಗೆ ಯಾವುದು, ಚಿತ್ರಕ್ಕೆ ಯಾವುದು?

ಬೆಂಗಳೂರು: ಆರ್.ಟಿ. ನಗರದ ಹೆಸರಿನಲ್ಲಿರುವ ರವೀಂದ್ರನಾಥ ಟ್ಯಾಗೋರರು ಕವಿಗಳೆಂದೇ ಲೋಕಕ್ಕೆ ಪರಿಚಿತರು. ಆದರೆ ಅವರು ಅರವತ್ತರ ಆಸುಪಾಸಿನಲ್ಲಿ ಕುಂಚ ಹಿಡಿದು, ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಬರೆದವರು. ಅವರ ಚಿತ್ರಗಳ ಮೊದಲ ಪ್ರದರ್ಶನ 1930ರಲ್ಲಿ ಪ್ಯಾರಿಸ್ಸಿನಲ್ಲಿ ನಡೆಯಿತು. ಆ ಚಿತ್ರಗಳಲ್ಲಿ ಬಹುಪಾಲು ಕಾಗದದ ಮೇಲಿನವು. ಅವರ ಹೆಸರು ಹೊತ್ತ ಬಡಾವಣೆಯಲ್ಲಿ ಇಂದು ನೋಟ್ ಪುಸ್ತಕವಾಗಲಿ, ಎ4 ಹಾಳೆಯಾಗಲಿ ನಾಲ್ಕು ಹೆಜ್ಜೆಯಲ್ಲಿ ದೊರೆಯುತ್ತದೆ. ಮೇಜಿನಷ್ಟಗಲದ ಒಳ್ಳೆಯ ಹಾಳೆ ಬೇಕೆಂದರೆ ಮಾತ್ರ ವಿಚಾರಿಸುತ್ತಾ ಹೊರಡಬೇಕಾಗುತ್ತದೆ.

ಹೀಗೆ ವಿಚಾರಿಸುವವರ ಸಂಖ್ಯೆ ನಗರದ ಉತ್ತರ ಭಾಗದಲ್ಲಿ ಕಡಿಮೆಯೇನಿಲ್ಲ. ಯಲಹಂಕದ ಸುತ್ತಮುತ್ತ ವಾಸ್ತುಶಿಲ್ಪ ಮತ್ತು ವಿನ್ಯಾಸ ಕಲಿಸುವ ಕಾಲೇಜುಗಳಿವೆ. ಹೆಬ್ಬಾಳದ ಆಚೆಗೆ ಮನೆ ಕಟ್ಟುತ್ತಿರುವ ಕುಟುಂಬಗಳಿಗೆ ನಕ್ಷೆಯ ಪ್ರತಿಗಳು ಬೇಕು. ಪ್ರತಿ ವರ್ಷ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಗೆ ಸಿದ್ಧತೆ ಮಾಡಿಕೊಳ್ಳುವ ಹವ್ಯಾಸಿ ಕಲಾವಿದರೂ ಇದ್ದಾರೆ. ಇವರೆಲ್ಲರೂ ಅಂಗಡಿಯಲ್ಲಿ ಮೊದಲು ಕೇಳುವುದು ‘ದೊಡ್ಡ ಹಾಳೆ ಇದೆಯೇ?’ ಎಂದು. ಆದರೆ ಗಾತ್ರ ಎರಡನೆಯ ಪ್ರಶ್ನೆ. ಆ ಹಾಳೆ ಎಷ್ಟು ಕಾಲ ಬಾಳಬೇಕು, ಅದು ಏನನ್ನು ತಾಳಿಕೊಳ್ಳಬೇಕು ಎಂಬುದು ಮೊದಲು ನಿಶ್ಚಯವಾಗಬೇಕು. ನಾಳೆ ಬೆಳಿಗ್ಗೆ ಉಪನ್ಯಾಸಕರಿಗೆ ತೋರಿಸಿ ಮಡಿಚಿಡುವ ಹಾಳೆಗೂ, ಮತ್ತೊಬ್ಬರು ಹಣ ಕೊಟ್ಟು ಕೊಂಡು ಗೋಡೆಗೆ ತೂಗುಹಾಕುವ ಹಾಳೆಗೂ ಒಂದೇ ಅಳತೆಗೋಲು ಸಲ್ಲದು.

ಎರಡು ಕುಲದ ಗಾತ್ರಗಳು

ನಮ್ಮ ಮಾರುಕಟ್ಟೆಯಲ್ಲಿ ಎರಡು ಬೇರೆ ಬೇರೆ ಕುಲದ ಅಳತೆಗಳು ಒಟ್ಟಿಗೆ ವಾಸಿಸುತ್ತಿವೆ. ಗೊಂದಲದ ಮೂಲವೇ ಇದು. ಒಂದು, 1922ರಲ್ಲಿ ಜರ್ಮನಿ ರೂಪಿಸಿ ನಂತರ ಅಂತರರಾಷ್ಟ್ರೀಯ ಮಾನಕವಾದ ‘ಎ’ ಸರಣಿ. ಎ0 ಹಾಳೆ 841 ಮಿ.ಮೀ. ಅಗಲ, 1189 ಮಿ.ಮೀ. ಉದ್ದ, ವಿಸ್ತೀರ್ಣ ಒಂದು ಚದರ ಮೀಟರ್. ಅದನ್ನು ಅರ್ಧಕ್ಕೆ ಕತ್ತರಿಸಿದರೆ ಎ1, ಮತ್ತೆ ಅರ್ಧಕ್ಕೆ ಎ2. ಎಷ್ಟು ಸಲ ಕತ್ತರಿಸಿದರೂ ಅಗಲ–ಉದ್ದಗಳ ಪ್ರಮಾಣ ಬದಲಾಗುವುದಿಲ್ಲ. ಗಣಕಯಂತ್ರದಲ್ಲಿ ಸಿದ್ಧವಾಗುವ ನಕ್ಷೆಗಳೆಲ್ಲ ಸಾಮಾನ್ಯವಾಗಿ ಈ ಲೆಕ್ಕದಲ್ಲಿಯೇ ಇರುತ್ತವೆ.

ಮತ್ತೊಂದು, ಬ್ರಿಟಿಷರ ಕಾಲದಿಂದ ಉಳಿದುಬಂದ ಇಂಚಿನ ಲೆಕ್ಕ. ಕಾಗದದ ಸಗಟು ವ್ಯಾಪಾರಿಗಳು ಇಂದಿಗೂ 20×30, 23×36, 25×36, 30×40 ಎಂದೇ ಮಾತನಾಡುತ್ತಾರೆ. ಶಾಲಾ ಮಕ್ಕಳು ಕೊಳ್ಳುವ ಚಾರ್ಟ್ ಹಾಳೆ ಸುಮಾರು 22×28 ಇಂಚು. ಜಲವರ್ಣದ ‘ಇಂಪೀರಿಯಲ್’ ಹಾಳೆ 22×30.

ಈ ಎರಡೂ ಸೇರಿದಾಗ ಏನಾಗುತ್ತದೆ ನೋಡಿ. ಎ1 ನಕ್ಷೆಗೆಂದು 23×36ರ ಹಾಳೆ ತಂದರೆ ಅದರ ಅಗಲ 584 ಮಿ.ಮೀ. ಮಾತ್ರ; ಎ1ಕ್ಕೆ ಬೇಕಾದದ್ದು 594. ಕೇವಲ ಒಂದು ಸೆಂಟಿಮೀಟರ್ ಕೊರತೆಯಿಂದ ಇಡೀ ಹಾಳೆ ನಿರುಪಯೋಗವಾಗುತ್ತದೆ. 25×36ರಲ್ಲಿ ಅದೇ ಎ1 ಸಲೀಸಾಗಿ ಕೂತು, ಅಂಚು ಕತ್ತರಿಸಲೂ ಜಾಗ ಉಳಿಯುತ್ತದೆ. ಚಾರ್ಟ್ ಹಾಳೆಯಲ್ಲಿ ಒಂದೇ ಒಂದು ಎ2 ತೆಗೆಯಬಹುದು. ಮೂರನೆಯ ಒಂದಕ್ಕಿಂತ ಹೆಚ್ಚು ಭಾಗ ಚೂರಾಗಿ ಹೋಗುತ್ತದೆ. ಆದ್ದರಿಂದ ಅಂಗಡಿಗೆ ಹೋಗುವಾಗ ಹೆಸರುಗಳನ್ನು ನಂಬದೆ, ಬೇಕಾದ ಅಳತೆಯನ್ನು ಮಿಲಿಮೀಟರಿನಲ್ಲಿಯೂ ಇಂಚಿನಲ್ಲಿಯೂ ಬರೆದುಕೊಂಡು ಹೋಗುವುದು ಕ್ಷೇಮ. ಚಿತ್ರ ಬರೆಯುವವರಿಗೂ ಇದು ಅನ್ವಯಿಸುತ್ತದೆ. ಸಿದ್ಧ ಚೌಕಟ್ಟಿನ ಗಾತ್ರ ಯಾವುದೆಂದು ತಿಳಿಯದೆ ಬರೆದ ಚಿತ್ರಕ್ಕೆ, ಹಾಳೆಗಿಂತ ಚೌಕಟ್ಟೇ ದುಬಾರಿಯಾಗುವುದುಂಟು.

ತೂಕದ ಮಾತು ಸರಳ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆಯೋ ಅದೇ ಅದರ ಜಿ.ಎಸ್.ಎಂ. 80 ಜಿ.ಎಸ್.ಎಂ.ನ ಎ0 ಹಾಳೆ 80 ಗ್ರಾಂ ತೂಗಿದರೆ, ಅದರ ಹದಿನಾರನೆಯ ಒಂದು ಭಾಗವಾದ ಎ4 ತೂಗುವುದು 5 ಗ್ರಾಂ. ಸಗಟು ಅಂಗಡಿಯಲ್ಲಿ 500 ಹಾಳೆಯ ರೀಮಿಗೆ ಕಿಲೋ ಲೆಕ್ಕ ಹೇಳುತ್ತಾರೆ. 25×36ರ ಹಾಳೆಯ ವಿಸ್ತೀರ್ಣ ಸುಮಾರು 0.58 ಚದರ ಮೀಟರ್ ಇರುವುದರಿಂದ, 100 ಜಿ.ಎಸ್.ಎಂ.ನ ಒಂದು ರೀಮು 29 ಕಿಲೋ ಆಸುಪಾಸು ಇರಬೇಕು. ತಕ್ಕಡಿ 25 ಕಿಲೋ ತೋರಿಸಿದರೆ ಕಾಗದ ಹೇಳಿದಷ್ಟು ದಪ್ಪವಿಲ್ಲವೆಂದೇ ಅರ್ಥ.

‘ಆರ್ಟ್ ಪೇಪರ್’ ಚಿತ್ರಕ್ಕಲ್ಲ

ಹೆಸರುಗಳ ವಿಷಯದಲ್ಲಿ ಎಚ್ಚರ ಬೇಕು. ಮುದ್ರಣ ವ್ಯಾಪಾರದಲ್ಲಿ ‘ಆರ್ಟ್ ಪೇಪರ್’, ‘ಆರ್ಟ್ ಕಾರ್ಡ್’ ಎಂದರೆ ನುಣುಪಾದ ಖನಿಜ ಲೇಪನವಿರುವ, ಹೊಳೆಯುವ ಕಾಗದ. ಬಣ್ಣದ ಕರಪತ್ರ, ಕ್ಯಾಲೆಂಡರ್, ಪುಸ್ತಕದ ಹೊದಿಕೆಗಳಿಗೆ ಅದು ಉತ್ತಮ. ಹೆಸರು ನೋಡಿ ಚಿತ್ರ ಬರೆಯಲು ಕೊಂಡವರಿಗೆ ಪೆನ್ಸಿಲ್ ಜಾರುತ್ತದೆ, ನೀರುಬಣ್ಣ ಹರಡಿ ನಿಲ್ಲುತ್ತದೆ. ಚಿತ್ರಕ್ಕೆ ಬೇಕಾದದ್ದು ಕಾರ್ಟ್‌ರಿಡ್ಜ್ ಹಾಳೆ: ಲೇಪನವಿಲ್ಲದ, ತುಸು ಒರಟಾದ, ಅಳಿಸಿದರೂ ಮೇಲ್ಮೈ ಏಳದಂಥದ್ದು. ಐವರಿ ಹಾಳೆ ನುಣುಪು ಮತ್ತು ಬಿಗಿ. ಶಾಯಿಯ ಗೆರೆಗೆ, ಅಕ್ಷರ ವಿನ್ಯಾಸಕ್ಕೆ ಒಪ್ಪುತ್ತದೆ. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಬಟರ್ ಪೇಪರ್ ಎಂದು ಕರೆಯುವ ತೆಳು ಪಾರದರ್ಶಕ ಹಾಳೆ ಒಂದರ ಮೇಲೊಂದಿಟ್ಟು ಯೋಚಿಸುವುದಕ್ಕೆ ಮಾತ್ರ. ಅಂತಿಮ ನಕ್ಷೆಗೆ ದಪ್ಪನೆಯ ಟ್ರೇಸಿಂಗ್ ಹಾಳೆಯೇ ಬೇಕು.

ಅಭ್ಯಾಸಕ್ಕೆಂದು ದುಬಾರಿ ಹಾಳೆ ಕೊಳ್ಳುವುದರಲ್ಲಿ ಅರ್ಥವಿಲ್ಲ. ಇದ್ದಿಲಿನಲ್ಲಿ ವೇಗವಾಗಿ ಆಕೃತಿ ಬರೆಯುವವರಿಗೆ ಪತ್ರಿಕೆ ಮುದ್ರಿಸುವ ನ್ಯೂಸ್‌ಪ್ರಿಂಟ್ ಸಾಕು. ಅದು ಬೇಗನೆ ಹಳದಿಯಾಗುತ್ತದೆ ಎಂಬುದು ನಿಜ. ಆದರೆ ಅಭ್ಯಾಸದ ಹಾಳೆ ಹತ್ತು ವರ್ಷ ಬಾಳಬೇಕೆಂದು ಯಾರೂ ಬಯಸುವುದಿಲ್ಲ.

ನಕ್ಷೆ ಮುದ್ರಿಸುವಾಗ

ಮನೆ ನಕ್ಷೆಗೆ ಜನ ಇಂದಿಗೂ ‘ಬ್ಲೂಪ್ರಿಂಟ್’ ಎನ್ನುತ್ತಾರೆ. ನೀಲಿ ಹಿನ್ನೆಲೆಯ ಆ ವಿಧಾನ 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದದ್ದು. ಅದೂ ಹೋಗಿ, ಅನಂತರ ಬಂದ ಅಮೋನಿಯಾ ವಾಸನೆಯ ಪ್ರತಿಗಳೂ ಬಹುಮಟ್ಟಿಗೆ ಮರೆಯಾಗಿ, ಈಗ ಪ್ಲಾಟರ್ ಯಂತ್ರಗಳು ಬಂದಿವೆ. ಇವುಗಳಲ್ಲಿ ಬಳಸುವುದು ಸುರುಳಿ ಕಾಗದ: 24 ಇಂಚು, 36 ಇಂಚು, 42 ಇಂಚು ಅಗಲ. ಎ1ಕ್ಕೆ 24, ಎ0ಗೆ 36 ಇಂಚಿನ ಸುರುಳಿ. 50 ಮೀಟರ್ ಉದ್ದದ ಸುರುಳಿಯಲ್ಲಿ ಲೆಕ್ಕಕ್ಕೆ 42 ಎ0 ಹಾಳೆಗಳು ಬರಬೇಕು. ಅಂಚು, ತಪ್ಪು ಮುದ್ರಣಗಳನ್ನು ಕಳೆದರೆ ನಲವತ್ತು ದೊರೆತರೆ ಸಮಾಧಾನ. ಸ್ವಂತ ಯಂತ್ರವಿರುವ ಕಚೇರಿಗಳು ಸುರುಳಿಯ ಒಳಕೊಳವೆ ಎರಡು ಇಂಚಿನದೋ ಮೂರು ಇಂಚಿನದೋ ಎಂದೂ ನೋಡಿ ಕೊಳ್ಳಬೇಕು.

ಇಲ್ಲಿ ಕಾಗದಕ್ಕಿಂತ ದೊಡ್ಡ ಅಪಾಯ ಅಳತೆಯದು. ಮನೆಯ ನಕ್ಷೆ 1:100 ಪ್ರಮಾಣದಲ್ಲಿ ಎ1 ಹಾಳೆಗೆಂದು ಸಿದ್ಧವಾಗಿದೆ ಎನ್ನಿ. ಮೂರು ಮೀಟರ್ ಅಗಲದ ಕೋಣೆ ಹಾಳೆಯಲ್ಲಿ 30 ಮಿ.ಮೀ. ಇರಬೇಕು. ಹತ್ತಿರದ ಅಂಗಡಿಯಲ್ಲಿ ಎ2 ಮಾತ್ರ ಇದೆಯೆಂದು ಕುಗ್ಗಿಸಿ ಮುದ್ರಿಸಿದರೆ ಅದು 21 ಮಿ.ಮೀ. ಆಗುತ್ತದೆ, ಹಾಳೆಯ ಮೂಲೆಯಲ್ಲಿ ಮಾತ್ರ ‘1:100’ ಎಂದೇ ಉಳಿದಿರುತ್ತದೆ. ಇಷ್ಟು ದೊಡ್ಡ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದೆ ಹಾನಿ ಮಾಡುವುದು ಸಣ್ಣ ವ್ಯತ್ಯಾಸ. ‘ಹಾಳೆಗೆ ಹೊಂದಿಸು’ ಎಂಬ ಆಯ್ಕೆ ಒತ್ತಿದಾಗ ಯಂತ್ರ ಅಂಚಿಗೆ ಜಾಗ ಬಿಡುವುದಕ್ಕಾಗಿ ನಕ್ಷೆಯನ್ನು ಸದ್ದಿಲ್ಲದೆ ಕುಗ್ಗಿಸುತ್ತದೆ. ನೂರಕ್ಕೆ ಮೂರರಷ್ಟು ಕುಗ್ಗಿದರೂ, ಸ್ಕೇಲ್ ಹಿಡಿದು ಅಳೆಯುವ ಮೇಸ್ತ್ರಿಗೆ ಮೂರು ಮೀಟರ್ ಕೋಣೆಯಲ್ಲಿ ಒಂಬತ್ತು ಸೆಂಟಿಮೀಟರ್ ಕಳೆದುಹೋಗುತ್ತದೆ. ಗೋಡೆ ಎದ್ದ ಮೇಲೆ ಬೀರು ಕೂರದಿದ್ದಾಗ ಯಾರೂ ಕಾಗದವನ್ನು ಶಂಕಿಸುವುದಿಲ್ಲ.

ಇದಕ್ಕೆ ಉಪಾಯ ಸುಲಭ. ನಕ್ಷೆಯ ಮೂಲೆಯಲ್ಲಿ ನಿಖರವಾಗಿ 10 ಸೆಂ.ಮೀ. ಉದ್ದದ ಗೆರೆಯೊಂದನ್ನು ಹಾಕಿಸಬೇಕು. ಮುದ್ರಣವಾದ ಕೂಡಲೇ ಅಂಗಡಿಯಲ್ಲಿಯೇ ಅಳೆಯಬೇಕು. ಕಡಿಮೆ ಇದ್ದರೆ ‘ನೂರಕ್ಕೆ ನೂರು’ ಅಳತೆಯಲ್ಲಿ ಮತ್ತೆ ತೆಗೆದುಕೊಡಿ ಎಂದು ಕೇಳಬೇಕು. ಗೆರೆಗಳಷ್ಟೇ ಇರುವ ನಕ್ಷೆಗೆ 80 ಜಿ.ಎಸ್.ಎಂ. ಬಾಂಡ್ ಕಾಗದ ಸಾಕು. ಗಾಢ ಬಣ್ಣ ತುಂಬಿದ ಪ್ರದರ್ಶನ ಫಲಕವಾದರೆ ಅದೇ ಕಾಗದ ಶಾಯಿ ಕುಡಿದು ಅಲೆಯಲೆಯಾಗುತ್ತದೆ. ಲೇಪನವಿರುವ ಮ್ಯಾಟ್ ಕಾಗದವನ್ನೇ ಕೇಳಬೇಕು. ನಿವೇಶನದಲ್ಲಿ ಬಿಸಿಲು, ನೀರಿನ ನಡುವೆ ಓಡಾಡುವ ಪ್ರತಿಯಾದರೆ ಶಾಯಿಯ ಬಗೆಯನ್ನೂ ವಿಚಾರಿಸುವುದೊಳಿತು. ನೀರಿನಲ್ಲಿ ಕರಗುವ ‘ಡೈ’ ಶಾಯಿಗಿಂತ ‘ಪಿಗ್ಮೆಂಟ್’ ಶಾಯಿ ನೀರಿಗೂ ಬೆಳಕಿಗೂ ಹೆಚ್ಚು ತಾಳುತ್ತದೆ.

ಹಳದಿಯಾಗುವುದೇಕೆ?

ಚಿತ್ರಸಂತೆಯಲ್ಲಿ ಒಬ್ಬ ಗೃಹಸ್ಥ ಮೆಚ್ಚಿ ಕೊಂಡೊಯ್ದ ಜಲವರ್ಣ ಐದಾರು ವರ್ಷಗಳಲ್ಲಿ ಕಂದು ಬಣ್ಣಕ್ಕೆ ತಿರುಗಿದರೆ ಕೆಡುವುದು ಕಲಾವಿದರ ಹೆಸರು. ಮರದ ತಿರುಳಿನಲ್ಲಿರುವ ಲಿಗ್ನಿನ್ ಎಂಬ ಅಂಶ ಬೆಳಕು–ಗಾಳಿಗೆ ಬಣ್ಣಗೆಡುತ್ತದೆ. ಶಾಯಿ ಹರಡದಂತೆ ರಾಳ ಮತ್ತು ಪಟಿಕದಿಂದ ಹದ ಮಾಡಿದ ಕಾಗದದಲ್ಲಿ ಆಮ್ಲ ಉಳಿದು, ನಾರುಗಳು ಕ್ರಮೇಣ ಪುಡಿಯಾಗುತ್ತವೆ. ಹಳೆಯ ಗ್ರಂಥಾಲಯಗಳ ಪುಸ್ತಕಗಳು ಮುಟ್ಟಿದರೆ ಮುರಿಯುವುದಕ್ಕೆ ಮುಖ್ಯ ಕಾರಣ ಇದೇ. ಆಮ್ಲರಹಿತ ಕಾಗದ, ಅದರಲ್ಲಿಯೂ ಪೂರ್ಣ ಹತ್ತಿಯ ನಾರಿನಿಂದಾದದ್ದು ಈ ದೋಷಗಳಿಂದ ಬಹುಮಟ್ಟಿಗೆ ಮುಕ್ತ.

ಪೊಟ್ಟಣದ ಮೇಲಿನ ಬರಹವನ್ನು ನಂಬಲಾಗದಿದ್ದರೆ ಮನೆಯಲ್ಲಿಯೇ ಪರೀಕ್ಷಿಸಬಹುದು. ಹಾಳೆಯ ಒಂದು ಪಟ್ಟಿ ಕತ್ತರಿಸಿ, ಅರ್ಧ ಭಾಗವನ್ನು ದಪ್ಪ ಪುಸ್ತಕದಲ್ಲಿ ಸಿಕ್ಕಿಸಿ, ಉಳಿದರ್ಧವನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಇಡಿ. ಮೂರು ನಾಲ್ಕು ವಾರಗಳ ನಂತರ ಎರಡೂ ಭಾಗಗಳ ನಡುವೆ ಗೆರೆ ಎದ್ದು ಕಂಡರೆ ಆ ಕಾಗದ ಮಾರುವ ಚಿತ್ರಕ್ಕೆ ತಕ್ಕದ್ದಲ್ಲ.

ಜಲವರ್ಣಕ್ಕೆ 300 ಜಿ.ಎಸ್.ಎಂ. ಸುರಕ್ಷಿತ. ಆಮದು ಹಾಳೆಗಳ ಮೇಲೆ ಕಾಣುವ ‘140 ಪೌಂಡ್’ ಎಂಬುದೂ ಇದೇ; 500 ಇಂಪೀರಿಯಲ್ ಹಾಳೆಗಳ ತೂಕ ಅದು. 200 ಜಿ.ಎಸ್.ಎಂ. ಆದರೆ ಮೊದಲೇ ನೀರಿನಲ್ಲಿ ನೆನೆಸಿ, ಹಲಗೆಗೆ ಅಂಟುಪಟ್ಟಿಯಿಂದ ಬಿಗಿದು ಒಣಗಿಸಿಕೊಳ್ಳಬೇಕು. ಕಾಗದದ ಮೇಲಿನ ಜಲವರ್ಣ ಏನನ್ನು ಸಾಧಿಸಬಲ್ಲದು ಎಂಬುದನ್ನು ನೋಡಬಯಸುವವರಿಗೆ ಕೆ. ವೆಂಕಟಪ್ಪನವರ ಊಟಿ ದೃಶ್ಯಗಳಿಗಿಂತ ಬೇರೆ ಪಾಠ ಬೇಕಿಲ್ಲ. ಅವರು ಕಲ್ಕತ್ತೆಯಲ್ಲಿ ಕಲಿತದ್ದು ಟ್ಯಾಗೋರ್ ಮನೆತನದವರೇ ಆದ ಅವನೀಂದ್ರನಾಥರ ಬಳಿ.

ಎಲ್ಲಿಂದ ತರುವುದು?

ಕಾಗದದ ವಿಷಯದಲ್ಲಿ ಕರ್ನಾಟಕಕ್ಕೆ ಪರಂಪರೆಯಿದೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪನೆಗೊಂಡು, 1980ರ ದಶಕದಿಂದ ಪತ್ರಿಕೆಗಳಿಗೆ ನ್ಯೂಸ್‌ಪ್ರಿಂಟ್ ಒದಗಿಸಿತು. 2015ರಲ್ಲಿ ಅದರ ಉತ್ಪಾದನೆ ನಿಂತಿತು. ಆ ಊರಿಗೆ ಅದರಿಂದಾದ ನಷ್ಟ ಪ್ರತ್ಯೇಕ ಲೇಖನದ ವಸ್ತು. 1955ರಲ್ಲಿ ಆರಂಭವಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಕಾರ್ಖಾನೆಯ ಬರೆಯುವ ಮತ್ತು ಮುದ್ರಣದ ಕಾಗದ ಮಾರುಕಟ್ಟೆಯಲ್ಲಿದೆ. ಕೈಕಾಗದ ಬೇಕಾದವರು ದೂರ ಹೋಗಬೇಕಿಲ್ಲ. ಹುಬ್ಬಳ್ಳಿ ಸಮೀಪದ ತಾರಿಹಾಳದಲ್ಲಿ ಬಟ್ಟೆ ಕಾರ್ಖಾನೆಗಳ ಹತ್ತಿ ಚೂರುಗಳಿಂದ ತಯಾರಾಗುವ ಚಿತ್ರಕಾಗದ ಹೊರದೇಶಗಳ ಕಲಾವಿದರನ್ನೂ ತಲುಪಿದೆ. ಪುದುಚೇರಿಯ ಅರವಿಂದಾಶ್ರಮದ ಕೈಕಾಗದವೂ ಪ್ರಸಿದ್ಧ.

ನಗರದೊಳಗೆ ಸಗಟು ಕಾಗದಕ್ಕೆ ಸುಲ್ತಾನ್‌ಪೇಟೆ, ಅವೆನ್ಯೂ ರಸ್ತೆಯ ಆಸುಪಾಸು ಹಳೆಯ ನೆಲೆ. ಆರ್.ಟಿ. ನಗರದವರಿಗೆ ಪಕ್ಕದ ಸುಲ್ತಾನ್‌ಪಾಳ್ಯ ಪರಿಚಿತ; ಸುಲ್ತಾನ್‌ಪೇಟೆ ಬೇರೆ, ಅದು ಚಿಕ್ಕಪೇಟೆ ಕಡೆಯದು. ಒಂದೆರಡು ಹಾಳೆಗಾಗಿ ಅಲ್ಲಿಯವರೆಗೆ ಹೋಗುವುದು ಲಾಭವಲ್ಲ. ಸಹಪಾಠಿಗಳೋ ಕಲಾವಿದ ಮಿತ್ರರೋ ನಾಲ್ಕೈದು ಮಂದಿ ಸೇರಿ ಒಂದು ರೀಮು ಕೊಂಡು ಹಂಚಿಕೊಂಡರೆ ಲೆಕ್ಕ ಸರಿಹೋಗುತ್ತದೆ. ಅಲ್ಲಿಯೇ ಕತ್ತರಿಸಿಕೊಡುವ ವ್ಯವಸ್ಥೆ ಇದ್ದರೆ, ಕತ್ತರಿಸುವ ಮೊದಲು ನಾರಿನ ದಿಕ್ಕು ನೋಡಿಸಬೇಕು. ಮುದ್ರಣಾಲಯದವರು ಇದನ್ನು ‘ಗ್ರೇನ್’ ಎನ್ನುತ್ತಾರೆ. ಯಂತ್ರದಲ್ಲಿ ತಯಾರಾದ ಹಾಳೆಯ ಒಂದು ಚೂರನ್ನು ಹರಿದರೆ ನಾರಿನ ಗುಂಟ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಸೊಟ್ಟಗೆ ಹರಿಯುತ್ತದೆ. ಮಡಿಕೆ ಬೀಳುವ ಆಮಂತ್ರಣವಾಗಲಿ ಪುಸ್ತಕವಾಗಲಿ, ಮಡಿಕೆ ನಾರಿನ ಗುಂಟವೇ ಇರಬೇಕು. ಇಲ್ಲವಾದರೆ ದಪ್ಪ ಹಾಳೆ ಮಡಿಕೆಯಲ್ಲಿ ಒಡೆಯುತ್ತದೆ.

ಸಾಗಣೆಗೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸಿದ ರಟ್ಟಿನ ಕೊಳವೆ ಬೇಕು. ಕೊಳವೆ ತೀರ ಸಣ್ಣದಾದರೆ 300 ಜಿ.ಎಸ್.ಎಂ. ಹಾಳೆಯ ಮೇಲೆ ಅಳಿಸಲಾಗದ ಗೀರು ಮೂಡುತ್ತದೆ. ಮನೆಗೆ ಬಂದ ಹಾಳೆಯನ್ನು ಕೂಡಲೇ ಬಿಚ್ಚಿ, ಮಂಚದ ಕೆಳಗೋ ಬೀರುವಿನ ಮೇಲೋ ಸಮತಟ್ಟಾಗಿ ಹರಡಿ, ಮೇಲೊಂದು ಹಲಗೆಯಿಡಬೇಕು. ಗೋಡೆಗೆ ಒರಗಿಸಿ ನಿಲ್ಲಿಸಿದರೆ ಬಾಗುತ್ತದೆ, ತೇವವನ್ನೂ ಎಳೆಯುತ್ತದೆ. ಒಂದೇ ಸರಣಿಯ ಚಿತ್ರಗಳನ್ನು ಬರೆಯುವ ಉದ್ದೇಶವಿದ್ದರೆ ಅಷ್ಟೂ ಹಾಳೆಗಳನ್ನು ಒಂದೇ ಬಾರಿ, ಒಂದೇ ಕಟ್ಟಿನಿಂದ ಕೊಳ್ಳುವುದು ಮೇಲು. ಅದೇ ಕಾರ್ಖಾನೆಯ, ಅದೇ ಹೆಸರಿನ ಕಾಗದವಾದರೂ ಮುಂದಿನ ತಿಂಗಳು ಬರುವ ಕಟ್ಟಿನ ಬಿಳುಪು ತುಸು ಬೇರೆಯಾಗಿರಬಹುದು. ಅಂಗಡಿಯಲ್ಲಿ ಅದು ಗೊತ್ತಾಗುವುದಿಲ್ಲ, ಗೋಡೆಯ ಮೇಲೆ ಅಕ್ಕಪಕ್ಕ ತೂಗುಹಾಕಿದಾಗ ಗೊತ್ತಾಗುತ್ತದೆ.