ಅಂಗೈಯಗಲದ ಯಂತ್ರದಲ್ಲೊಂದು ಊರ ಜಗಲಿ

ಮೂರು ವರ್ಷಗಳ ಹಿಂದಿನ ಆಟಿ ತಿಂಗಳ ಒಂದು ರಾತ್ರಿ. ಹೊರಗೆ ಮಳೆ ಸುರಿಯುತ್ತಿತ್ತು. ದುಬೈಯಲ್ಲಿ ನೌಕರಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ದೂರವಾಣಿಯಲ್ಲಿ ಕೇಳಿದ: "ಮಾಷ್ಟ್ರೇ, ನಮ್ಮ ಗುಂಪಿನಲ್ಲಿ ಹಾಕಿದ್ದ ಶಾಲೆಯ ಪಟಗಳೆಲ್ಲ ಎಲ್ಲಿ ಹೋದವು?"

ನಮಗೂ ತಿಳಿದಿರಲಿಲ್ಲ. ದೊಡ್ಡ ಕಂಪೆನಿಯೊಂದರ ಉಚಿತ ಜಾಲತಾಣದಲ್ಲಿ ನಮ್ಮ ಹಳೆ ವಿದ್ಯಾರ್ಥಿ ಸಂಘದ ಗುಂಪು ಆರು ವರ್ಷಗಳಿಂದ ನಡೆದುಬಂದಿತ್ತು. ಗುಂಪನ್ನು ಕಟ್ಟಿದವನ ಖಾತೆಗೆ ಆ ದಿನ ಬೀಗ ಬಿದ್ದಿತ್ತು. ಅದರೊಂದಿಗೆ ಗುಂಪೂ ಮುಚ್ಚಿತ್ತು. ನಾಲ್ಕು ಬಾರಿ ಬರೆದುಕೊಂಡೆವು. ನಾಲ್ಕು ಬಾರಿಯೂ ಒಂದೇ ಅಚ್ಚಿನ ಉತ್ತರ ಬಂತು. ಅದನ್ನು ಬರೆದುದು ಮನುಷ್ಯನಲ್ಲವೆಂಬುದು ಎರಡನೆಯ ಬಾರಿಗೇ ಗೊತ್ತಾಯಿತು.

ಪಟಗಳು ಹೋದುದಕ್ಕಿಂತ ಹೆಚ್ಚಿನ ನೋವು ಬೇರೊಂದಿತ್ತು. ನಮ್ಮ ಶಾಲೆಯ ಹಿರಿಯ ವಿದ್ಯಾರ್ಥಿಯೊಬ್ಬರು ಮಳೆಗಾಲದಲ್ಲಿ ಕಡವಿನ ದೋಣಿ ದಾಟಿ ಶಾಲೆಗೆ ಬರುತ್ತಿದ್ದ ದಿನಗಳನ್ನು ಕುರಿತು ಆ ಗುಂಪಿನಲ್ಲಿ ಹನ್ನೆರಡು ಕಂತುಗಳಾಗಿ ಬರೆದಿದ್ದರು. ಬರೆದ ಮರುವರ್ಷವೇ ಅವರು ತೀರಿಕೊಂಡರು. ಅವರ ಮಗಳು ಆ ಬರಹಗಳನ್ನು ಕೇಳಿಕೊಂಡು ನಮ್ಮ ಮನೆಗೆ ಬಂದಾಗ ಕೊಡಲು ನಮ್ಮಲ್ಲಿ ಒಂದು ಸಾಲೂ ಇರಲಿಲ್ಲ.

ಇದು ನಮಗೊಬ್ಬರಿಗೇ ಆದ ಅನುಭವವಲ್ಲ. ಬೀಗದ ಕಾರಣ ಬೇರೆಯಿರಬಹುದು, ಫಲ ಒಂದೇ. ನಮ್ಮ ದೇಶದ ತರುಣರು ಮುಗಿಬಿದ್ದು ಸೇರಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಯಾಹೂ ಗ್ರೂಪ್ಸ್ 2020ರ ಡಿಸೆಂಬರಿನಲ್ಲಿ ಕೊನೆಗೊಂಡಿತು. ಅವುಗಳಲ್ಲಿ ಕೂಡಿದ್ದ ಮಾತುಗಳಲ್ಲಿ ಎಷ್ಟೋ ಅವುಗಳೊಂದಿಗೇ ಹೋದವು. ಗಡಿಯಾಚೆಯ ನಮ್ಮಂಥ ಕನ್ನಡಿಗರಿಗೆ ಈ ನಷ್ಟ ತುಸು ಹೆಚ್ಚೇ ತಟ್ಟುತ್ತದೆ. ಕಾಸರಗೋಡಿನ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಕಲಿತವರು ಇಂದು ಮಂಗಳೂರು, ಬೆಂಗಳೂರು, ಕೊಲ್ಲಿ ರಾಷ್ಟ್ರಗಳೆಂದು ಚದುರಿದ್ದಾರೆ. ಅವರು ಒಟ್ಟಾಗಿ ಕನ್ನಡದಲ್ಲಿ ನಾಲ್ಕು ಮಾತಾಡುವ ಜಗಲಿ ಈಗ ಊರಿನಲ್ಲಿಲ್ಲ, ಜಾಲದಲ್ಲಿದೆ. ಆ ಜಗಲಿ ಪರರದಾದರೆ ಎಬ್ಬಿಸಿದ ದಿನ ಎದ್ದು ಹೋಗಬೇಕು.

"ನಮ್ಮದೇ ಒಂದು ತಾಣ ಇಟ್ಟುಕೊಂಡರೇನು ಮಾಷ್ಟ್ರೇ?" ಎಂದವನು ಬೆಂಗಳೂರಿನಲ್ಲಿ ಎಂಜಿನಿಯರನಾಗಿರುವ ಇನ್ನೊಬ್ಬ ಶಿಷ್ಯ. ನಾವು ನಕ್ಕೆವು. ಸರ್ವರ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುತ್ತಿದ್ದುದು ಶೀತಲ ಕೊಠಡಿಗಳಲ್ಲಿ ಗುಯ್‌ಗುಟ್ಟುವ ಕಪಾಟುಗಳು. ಅವನು ಮುಂದಿನ ಸಲ ಊರಿಗೆ ಬಂದಾಗ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟುದು ಅಂಗೈಗಿಂತ ಚಿಕ್ಕದಾದ ಒಂದು ಹಸಿರು ಹಲಗೆ. ಅದು ರಾಸ್ಪ್‌ಬೆರಿ ಪೈ. ಮಕ್ಕಳು ಗಣಕದ ಒಳಗುಟ್ಟನ್ನು ಕೈಯಾರೆ ಕಲಿಯಲೆಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೂಪುಗೊಂಡು 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದ ಯಂತ್ರವಿದು. ಮೊದಲನೆಯದರ ಬೆಲೆ 35 ಡಾಲರು, ಮೆಮೊರಿ 256 ಮೆಗಾಬೈಟ್. ನಮ್ಮ ಮನೆಗೆ ಬಂದುದು 2019ರಲ್ಲಿ ಹೊರಟ ನಾಲ್ಕನೆಯ ಪೀಳಿಗೆಯದು, 2 ಗಿಗಾಬೈಟ್ ಮೆಮೊರಿಯುಳ್ಳದ್ದು. ಅದರಲ್ಲಿ ಓಡುವುದು ಲಿನಕ್ಸ್. ಈ ವಿಷಯದಲ್ಲಿ ಕೇರಳದ ಉಪಾಧ್ಯಾಯರಾದ ನಮಗೆ ಒಂದು ಅನುಕೂಲವಿತ್ತೆಂಬುದನ್ನು ಒಪ್ಪಿಕೊಳ್ಳಬೇಕು. 2001ರಲ್ಲಿ ಆರಂಭವಾದ ಐ.ಟಿ. ಅಟ್ ಸ್ಕೂಲ್ ಯೋಜನೆಯ ದೆಸೆಯಿಂದ ಇಲ್ಲಿಯ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶವೇ ರೂಢಿಗೆ ಬಂದು, ಲಿನಕ್ಸಿನ ಮುಖಪರಿಚಯ ನಮಗೆ ಮೊದಲೇ ಆಗಿತ್ತು.

ಯಂತ್ರವೇನೋ ಬಂತು. ಆದರೆ ಒಂದೇ ಹಳ್ಳಿಯ ಅರವತ್ತು ಜನ ತಮ್ಮೊಳಗೇ ಮಾತಾಡಿಕೊಳ್ಳುವುದಕ್ಕೆ ಇಷ್ಟೆಲ್ಲ ಏಕೆ? ಹೊರಗಿನ ಲೋಕದೊಂದಿಗೂ ಸಂಪರ್ಕ ಬೇಡವೆ? ಇದಕ್ಕೆ ಉತ್ತರ ಅಂಚೆಯಲ್ಲಿದೆ. ನಮ್ಮೂರಿನ ಅಂಚೆ ಕಚೇರಿಯಲ್ಲಿ ಹಾಕಿದ ಕಾಗದ ಸೊಲ್ಲಾಪುರದ ಕಚೇರಿಗೆ ತಲಪುವುದು ಎರಡು ಕಚೇರಿಗಳ ನಡುವೆ ಒಪ್ಪಿತವಾದ ಕ್ರಮವಿರುವುದರಿಂದ. ಸಾಮಾಜಿಕ ಜಾಲತಾಣಗಳಿಗೂ ಅಂಥ ಒಂದು ಒಪ್ಪಿತ ಕ್ರಮವನ್ನು, ಆಕ್ಟಿವಿಟಿಪಬ್ ಎಂಬ ಹೆಸರಿನಲ್ಲಿ, ಜಾಲದ ಮಾನಕಗಳನ್ನು ನಿರ್ಣಯಿಸುವ ಡಬ್ಲ್ಯು3ಸಿ ಸಂಸ್ಥೆಯು 2018ರ ಜನವರಿಯಲ್ಲಿ ಅಂಗೀಕರಿಸಿತು. ಈ ಕ್ರಮವನ್ನರಿತ ತಂತ್ರಾಂಶ ಯಾವುದೇ ಇರಲಿ, ಯಾರ ಮನೆಯಲ್ಲೇ ಇರಲಿ, ಉಳಿದವುಗಳೊಡನೆ ಮಾತಾಡಬಲ್ಲದು. ನಮ್ಮ ಮನೆಯ ಕಪಾಟಿನ ಮೇಲಿನ ಸರ್ವರಿನಲ್ಲಿ ಬರೆದುದನ್ನು ಜರ್ಮನಿಯ ಸರ್ವರಿನಲ್ಲಿ ಖಾತೆಯುಳ್ಳವನು ಓದಿ ಉತ್ತರಿಸಬಹುದು.

ಇಂಥ ತಂತ್ರಾಂಶಗಳಲ್ಲಿ ಹೆಸರಾದುದು 2016ರಲ್ಲಿ ಹೊರಬಂದ ಮಾಸ್ಟೊಡಾನ್. ನಾವೂ ಮೊದಲು ಅದನ್ನೇ ಹಿಡಿದೆವು. ಪುಟ್ಟ ಯಂತ್ರ ಬಳಲಿ ಬೆಂಡಾಯಿತು. ಕಾರಣವನ್ನು ಶಿಷ್ಯನು ವಿವರಿಸಿದಾಗ ನಮಗೆ ಶಿಕ್ಷಕ ತರಬೇತಿಯ ದಿನಗಳು ನೆನಪಾದವು. ಮಾಸ್ಟೊಡಾನ್ ದೊಡ್ಡ ಹೈಸ್ಕೂಲಿನಂತೆ. ಪುಟಗಳನ್ನು ಸಿದ್ಧಪಡಿಸಲು ಒಬ್ಬ, ದಾಖಲೆಯಿಡಲು ಪೋಸ್ಟ್‌ಗ್ರೆಸ್ ಎಂಬ ಗುಮಾಸ್ತ, ಕೈಗೆಟಕುವಂತೆ ಚೀಟಿಗಳನ್ನಿಡಲು ರೆಡಿಸ್ ಎಂಬ ಇನ್ನೊಬ್ಬ, ಹೊರಗೆ ಟಪಾಲು ಒಯ್ಯಲು ಸೈಡ್‌ಕಿಕ್ ಎಂಬ ಜವಾನರ ತಂಡ. ಸಾವಿರಾರು ಮಕ್ಕಳ ಶಾಲೆಗೆ ಇವರೆಲ್ಲ ಬೇಕು. ಆದರೆ ಮಕ್ಕಳು ಬಾರದ ದಿನವೂ ಇವರೆಲ್ಲ ಕುರ್ಚಿ ಹಿಡಿದು ಕುಳಿತಿರುತ್ತಾರೆ. ಮೆಮೊರಿ ತುಂಬುವುದು ಹೀಗೆ.

ನಮಗೆ ಬೇಕಾಗಿದ್ದುದು ಏಕೋಪಾಧ್ಯಾಯ ಶಾಲೆ. ಒಬ್ಬನೇ ಮಾಸ್ತರ ಒಂದನೆಯ ತರಗತಿಗೆ ಕಾಪಿ ಬರೆಯಲು ಕೊಟ್ಟು, ಅವರು ಬರೆಯುತ್ತಿರುವಾಗ ಮೂರನೆಯವರಿಗೆ ಲೆಕ್ಕ ಹೇಳಿ, ನಡುವೆ ಹಾಜರಿ ಹಾಕಿ ಗಂಟೆಯನ್ನೂ ಬಾರಿಸುತ್ತಾನೆ. ಗೋಟುಸೋಶಿಯಲ್ ಎಂಬ ತಂತ್ರಾಂಶ ಈ ಬಗೆಯದು. ಗೋ ಎಂಬ ಗಣಕ ಭಾಷೆಯಲ್ಲಿ ಬರೆದ ಇದು 2021ರಿಂದ ಹೊರಬರುತ್ತಿದ್ದು, 2024ರಲ್ಲಿ ಬೀಟಾ ಹಂತವನ್ನು ಮುಟ್ಟಿತು. ಎಲ್ಲ ಕೆಲಸವೂ ಒಂದೇ ಕಾರ್ಯಕ್ರಮದೊಳಗೆ. ದಾಖಲೆಗೆ ಎಸ್‌ಕ್ಯುಲೈಟ್, ಎಂದರೆ ಒಂದೇ ಕಡತ. ನಮ್ಮ ನಿಮ್ಮ ಮೊಬೈಲುಗಳೊಳಗೆಲ್ಲ ಸದ್ದಿಲ್ಲದೆ ದುಡಿಯುತ್ತಿರುವುದೂ 2000ದಲ್ಲಿ ರಿಚರ್ಡ್ ಹಿಪ್ ಎಂಬವರು ಬರೆದ ಇದೇ ಎಸ್‌ಕ್ಯುಲೈಟ್. ಸಾಮಾನ್ಯವಾಗಿ ಗೋಟುಸೋಶಿಯಲ್ ಬಳಸುವ ಮೆಮೊರಿ 250ರಿಂದ 350 ಮೆಗಾಬೈಟ್. ಪಟ ಅಥವಾ ವಿಡಿಯೋ ಬಂದಾಗ ಏರುತ್ತದೆ. ಇದಕ್ಕಿಂತಲೂ ಸಣ್ಣ ಸಂಸಾರದವು ಇವೆ. ಸಿ ಭಾಷೆಯಲ್ಲಿ ಬರೆದ ಸ್ನ್ಯಾಕ್ ಎಂಬುದಕ್ಕೆ ದಾಖಲೆಯ ಗುಮಾಸ್ತನೂ ಬೇಡ, ಬಂದುದನ್ನೆಲ್ಲ ಬಿಡಿಬಿಡಿ ಕಡತಗಳಾಗಿ ಇಟ್ಟುಕೊಳ್ಳುತ್ತದೆ. ಒಬ್ಬಿಬ್ಬರಿಗಾದರೆ ಅದು ಸಾಕು. ನಾವು ಅರವತ್ತು ಜನರಿದ್ದುದರಿಂದ ಗೋಟುಸೋಶಿಯಲನ್ನೇ ನೆಚ್ಚಿದೆವು. ಅದಕ್ಕೆ ಸ್ವಂತ ಆ್ಯಪ್ ಇಲ್ಲ. ಮಾಸ್ಟೊಡಾನಿಗೆಂದು ಮಾಡಿದ ಟಸ್ಕಿಯಂಥ ಮೊಬೈಲ್ ಆ್ಯಪ್‌ಗಳೇ ನಡೆಯುತ್ತವೆ.

ಕನ್ನಡದ ಬರಹ ಎಷ್ಟು ಜಾಗ ಹಿಡಿದೀತೆಂಬ ಲೆಕ್ಕವನ್ನು ನಾವೇ ಹಾಕಿ ನೋಡಿದೆವು. ಯುನಿಕೋಡಿನ ಪ್ರಚಲಿತ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್. 'ಕ್ಷೇ' ಎಂಬ ಒಂದಕ್ಷರದಲ್ಲಿ ಕಕಾರ, ವಿರಾಮ, ಷಕಾರ, ಏತ್ವ ಎಂದು ನಾಲ್ಕು ಸಂಕೇತಗಳಿರುವುದರಿಂದ ಅದಕ್ಕೇ ಹನ್ನೆರಡು. ದುಬಾರಿಯೆನಿಸಿತು. ಆದರೆ ಬರಹವೊಂದಕ್ಕೆ ಮುನ್ನೂರು ಸಂಕೇತವೆಂದಿಟ್ಟು, ವರುಷಕ್ಕೆ ನಾಲ್ಕು ಸಾವಿರ ಬರಹ ಬಂದರೂ ಎಲ್ಲ ಸೇರಿ ಮೂರೂವರೆ ಮೆಗಾಬೈಟ್ ಮಾತ್ರ. ಮದುವೆಯ ಮನೆಯಿಂದ ಯಾರಾದರೂ ಕಳಿಸುವ ಒಂದೇ ಒಂದು ಮೊಬೈಲ್ ಪಟವೂ ಬಹುಮಟ್ಟಿಗೆ ಅಷ್ಟೇ ತೂಗುತ್ತದೆ! ಇಡೀ ಊರಿನ ಒಂದು ವರುಷದ ಮಾತೆಲ್ಲ ಒಂದು ಪಟದ ಭಾರ.

ಆದಕಾರಣ ಪಟಗಳ ವಿಷಯದಲ್ಲಿ ನಾವು ಜಿಪುಣರಾದೆವು. ಕಳಿಸುವ ಮುನ್ನ ಕುಗ್ಗಿಸಬೇಕೆಂಬುದು ಒಂದು ನಿಯಮ. ನಿಜವಾಗಿ ಜಾಗ ನುಂಗುವುದು ನಮ್ಮವರ ಪಟಗಳಲ್ಲ, ನಮ್ಮವರು ಹಿಂಬಾಲಿಸುವ ಪರವೂರಿನವರದು. ಅವುಗಳ ಪ್ರತಿಯನ್ನೂ ಸರ್ವರ್ ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಏಳು ದಿನ ಕಳೆದುದನ್ನು ಅಳಿಸಿ, ಬೇಕಾದಾಗ ಮತ್ತೆ ತರಿಸಿಕೊಳ್ಳುವ ಏರ್ಪಾಡು ತಂತ್ರಾಂಶದಲ್ಲೇ ಇದೆ.

ವಿದ್ಯುತ್ತಿನ ಖರ್ಚು ಕೇಳಿದರೆ ಗೃಹಿಣಿಯರಿಗೂ ಸಮಾಧಾನವಾದೀತು. ಯಂತ್ರ ಹೀರುವುದು ಸುಮಾರು ನಾಲ್ಕು ವ್ಯಾಟ್. ಹಗಲಿರುಳು ಉರಿದರೂ ನಮ್ಮಲ್ಲಿ ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ ಆರು ಯೂನಿಟ್ ದಾಟುವುದಿಲ್ಲ. ಕರೆಂಟು ಹೋದರೆ ಇನ್‌ವರ್ಟರ್ ಇದೆ. ಭಯವಿರುವುದು ಸಿಡಿಲಿನದು. ತುಲಾ ಮಾಸದ ಸಂಜೆ ಮೋಡ ಕಪ್ಪಿಟ್ಟಿತೆಂದರೆ ಟಿ.ವಿ.ಯ ಪ್ಲಗ್ ಕೀಳುವಾಗ ಇದರದನ್ನೂ ಕೀಳುತ್ತೇವೆ. ಆಗ ಜಗಲಿ ಎರಡು ಗಂಟೆ ಮುಚ್ಚಿರುತ್ತದೆ. ಹೊರ ಸರ್ವರುಗಳು ತಮ್ಮ ಟಪಾಲನ್ನು ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುವುದರಿಂದ ಹೆಚ್ಚಿನದೇನೂ ನಷ್ಟವಾಗದು. ಕೊಲ್ಲಿಯಲ್ಲಿರುವವರು "ಊರಿನಲ್ಲಿ ಗುಡುಗು ಇರಬೇಕು" ಎಂದು ಅರ್ಥ ಮಾಡಿಕೊಳ್ಳುತ್ತಾರೆ.

ಹೊರಗಿನವರು ನಮ್ಮ ಮನೆಗೆ ದಾರಿ ಕಂಡುಕೊಳ್ಳುವುದೇ ಎಲ್ಲಕ್ಕಿಂತ ತೊಡಕಿನ ಸಂಗತಿ. ಇಂಟರ್‌ನೆಟ್ ಒದಗಿಸುವವರು ಅನೇಕ ಮನೆಗಳಿಗೆ ಸೇರಿಸಿ ಒಂದೇ ಸಾರ್ವಜನಿಕ ವಿಳಾಸ ಕೊಡುವುದುಂಟು. ಒಳಗಿನಿಂದ ಕಾಗದ ಹೋಗುತ್ತದೆ, ಹೊರಗಿನಿಂದ ಬಂದುದು ಯಾವ ಮನೆಗೆಂದು ತಿಳಿಯದೆ ಹಿಂದಿರುಗುತ್ತದೆ. ಹೆಚ್ಚು ಹಣ ತೆತ್ತು ಸ್ಥಿರ ವಿಳಾಸ ಪಡೆಯಬಹುದು. ಇಲ್ಲವೆ ಹೊರಗೆ ಒಂದು ಚಿಕ್ಕ ಸರ್ವರನ್ನು ಬಾಡಿಗೆಗೆ ಹಿಡಿದು ಅಲ್ಲಿಂದ ಮನೆಗೆ ಸುರಂಗ ತೋಡಬಹುದು. ನಾವು ಎರಡನೆಯದನ್ನು ಮಾಡಿದೆವು. ಬಾಡಿಗೆಯನ್ನೂ ಜಾಲನಾಮದ ವಾರ್ಷಿಕ ಶುಲ್ಕವನ್ನೂ ಸಂಘ ಭರಿಸುತ್ತದೆ. ನೋಡಿ, ಸ್ವಾತಂತ್ರ್ಯವೆಂದು ನಾವು ಹೇಳಿಕೊಂಡರೂ ಬಾಡಿಗೆಯ ಋಣ ಪೂರ್ತಿ ತಪ್ಪಲಿಲ್ಲ. ಆದರೆ ಆ ಬಾಡಿಗೆಯವನಲ್ಲಿ ನಮ್ಮ ಬರಹವಿಲ್ಲ. ಅವನು ಬಾಗಿಲು ಮುಚ್ಚಿದರೆ ಬೇರೊಬ್ಬನ ಬಾಗಿಲಿಗೆ ಹೋಗುತ್ತೇವೆ, ಗಂಟು ನಮ್ಮ ಕಂಕುಳಲ್ಲೇ ಇರುತ್ತದೆ. ಜಾಲನಾಮದ ಬಗ್ಗೆ ಮಾತ್ರ ಒಂದು ಎಚ್ಚರ: ಒಮ್ಮೆ ಹೊರ ಸರ್ವರುಗಳೊಡನೆ ಮಾತು ಶುರುವಾದ ಮೇಲೆ ಹೆಸರನ್ನು ಬದಲಾಯಿಸುವಂತಿಲ್ಲ. ನಾವು ಹೆಸರಿಡಲು ಮೂರು ವಾರ ಚರ್ಚಿಸಿದೆವು. ಮಗುವಿನ ನಾಮಕರಣಕ್ಕೂ ಅಷ್ಟು ಹೊತ್ತು ತಗಲದು.

ಇನ್ನು ನಮ್ಮದೇ ತಪ್ಪೊಂದನ್ನು ಹೇಳಬೇಕು. ಮೊದಲ ವರ್ಷ ಎಲ್ಲವೂ ಯಂತ್ರದ ಪುಟ್ಟ ಮೆಮೊರಿ ಕಾರ್ಡಿನ ಮೇಲೆ ನಡೆಯಿತು. ಆ ಕಾರ್ಡು ಕ್ಯಾಮರಾಕ್ಕೆಂದು ಮಾಡಿದ್ದು. ಹಗಲಿರುಳು ಬರೆದು ಅಳಿಸುವ ಹೊರೆಯನ್ನು ಬಹುಕಾಲ ತಾಳದು. ಶಿಷ್ಯನು ಎಚ್ಚರಿಸಿದ್ದ. ಪ್ರತಿದಿನ ನಕಲು ತೆಗೆಯುವ ವ್ಯವಸ್ಥೆಯೂ ಇತ್ತು; ನಾವು ಆ ನಕಲನ್ನು ಅದೇ ಕಾರ್ಡಿನಲ್ಲಿ ಇಡುತ್ತಿದ್ದೆವು! ಮೂವತ್ತು ವರ್ಷ ಮಕ್ಕಳಿಗೆ ವಿವೇಕ ಹೇಳಿದವರು ಮಾಡಿದ ಕೆಲಸವಿದು. ಶ್ರಾವಣದ ಒಂದು ಬೆಳಗ್ಗೆ ಕಾರ್ಡು ಸತ್ತಿತು. ಅದೃಷ್ಟವಶಾತ್ ಹನ್ನೊಂದು ದಿನಗಳ ಹಿಂದೆ ಶಿಷ್ಯನು ಬೆಂಗಳೂರಿಗೆ ಒಂದು ಪ್ರತಿ ಒಯ್ದಿದ್ದ. ಹನ್ನೊಂದು ದಿನದ ಮಾತು ಹೋಯಿತು. ಅದರಲ್ಲಿ ಹುಟ್ಟಿದ ಒಂದು ಮಗುವಿನ ಸುದ್ದಿಯೂ ಇತ್ತು. ಈಗ ಯು.ಎಸ್.ಬಿ. ಮೂಲಕ ಒಂದು ಎಸ್.ಎಸ್.ಡಿ. ಜೋಡಿಸಿದೆ. ದಿನದ ನಕಲು ಬೇರೆ ಇಬ್ಬರ ಮನೆಗಳಿಗೆ ಹೋಗುತ್ತದೆ. ಓಡುತ್ತಿರುವ ಎಸ್‌ಕ್ಯುಲೈಟ್ ಕಡತವನ್ನು ಹಾಗೆಯೇ ನಕಲಿಸಿದರೆ ಅದು ಅರ್ಧ ಬರೆದ ಪುಟದಂತೆ ಕೆಟ್ಟಿರಬಹುದು. ಅದಕ್ಕೆಂದೇ ಇರುವ ಬ್ಯಾಕಪ್ ಆದೇಶವನ್ನೇ ಬಳಸಬೇಕು.

ಸದಸ್ಯರ ಪೈಕಿ ಜಗಳಗಳೂ ಆಗಿವೆ. ಚುನಾವಣೆಯ ಸಮಯದಲ್ಲಿ ಇಬ್ಬರು ಸಹಪಾಠಿಗಳು ಆಡಬಾರದ ಮಾತಾಡಿಕೊಂಡಾಗ ಬರಹಗಳನ್ನು ಅಳಿಸುವ ಅಧಿಕಾರ ನಮ್ಮ ಕೈಯಲ್ಲೇ ಇತ್ತು. ದೊಡ್ಡ ಕಂಪೆನಿಯನ್ನು ದೂರಿದ ಬಾಯಿ ಅಂದು ಸ್ವಲ್ಪ ಕಟ್ಟಿತೆಂದು ಒಪ್ಪಿಕೊಳ್ಳುತ್ತೇವೆ. ಅಳಿಸುವ ಮುನ್ನ ಇಬ್ಬರಿಗೂ ಫೋನು ಮಾಡಿದೆವು. ಒಬ್ಬನು ತಾನೇ ಅಳಿಸಿದ, ಇನ್ನೊಬ್ಬನು ಜಗಲಿಯನ್ನೇ ಬಿಟ್ಟುಹೋದ. ಅವನು ಇನ್ನೂ ಮರಳಿಲ್ಲ. ಹದಿನೆಂಟು ತುಂಬದವರಿಗೆ ಖಾತೆ ಕೊಡುವುದಿಲ್ಲವೆಂಬ ನಿಯಮವನ್ನು ಮಾತ್ರ ಯಾರ ಒತ್ತಾಯಕ್ಕೂ ಸಡಿಲಿಸಿಲ್ಲ.

ದೋಣಿಯ ಬರಹ ಮತ್ತೆ ಸಿಗಲಿಲ್ಲ. ಆದರೆ ಆ ಹಿರಿಯರ ಮೂವರು ಸಹಪಾಠಿಗಳು, ತಾವು ಓದಿ ನೆನಪಿಟ್ಟುಕೊಂಡುದನ್ನು ಒಬ್ಬೊಬ್ಬರಾಗಿ ಇಲ್ಲಿ ಬರೆದರು. ದೋಣಿಯವನ ಹೆಸರಿನಲ್ಲೇ ಮೂವರಿಗೂ ಒಮ್ಮತವಿಲ್ಲ. ಮಗಳು ಮಲಯಾಳದಲ್ಲಿ ಕಲಿತವಳು. ಕನ್ನಡವನ್ನು ನಿಧಾನವಾಗಿ ಓದುತ್ತಾಳೆ. ಮೂರನ್ನೂ ಓದಿ, "ಅಪ್ಪ ಮನೆಯಲ್ಲಿ ಹೇಳುತ್ತಿದ್ದುದು ನಾಲ್ಕನೆಯ ಹೆಸರು" ಎಂದು ಕೆಳಗೆ ಬರೆದಿದ್ದಾಳೆ.

ಬರುವ ವರ್ಷ ನಮ್ಮ ನಿವೃತ್ತಿ. ಶಾಲೆಯ ಬೀಗದ ಕೈಯನ್ನು ಪಡೆಯಲು ಸರ್ಕಾರ ಯಾರನ್ನಾದರೂ ನೇಮಿಸುತ್ತದೆ, ಜಗಲಿಯ ಕೈಯನ್ನು ನಾವೇ ಕೊಡಬೇಕು. ಗುಪ್ತಪದಗಳು, ಬಾಡಿಗೆಯ ಗಡುವು, ತಂತ್ರಾಂಶದ ಹೊಸ ಆವೃತ್ತಿಯನ್ನು ಹಾಕುವ ಕ್ರಮ ಇವನ್ನೆಲ್ಲ ಒಂದು ಗೆರೆಯ ಪುಸ್ತಕದಲ್ಲಿ ಬರೆದು ಊರಲ್ಲೇ ಇರುವ ಇಬ್ಬರಿಗೆ ಒಪ್ಪಿಸಿದ್ದೇವೆ. ಒಬ್ಬಳು ಹೊಲಿಗೆ ಅಂಗಡಿ ನಡೆಸುವವಳು, ಇನ್ನೊಬ್ಬ ಅಡಿಕೆ ತೋಟದವನು. ಕಳೆದ ಓಣಂ ರಜೆಯಲ್ಲಿ ಪರೀಕ್ಷೆಗೆಂದು ಅವರಿಗೆ ಒಂದು ಹಳೆಯ ಪೈ ಯಂತ್ರವನ್ನೂ ಹಿಂದಿನ ರಾತ್ರಿಯ ನಕಲನ್ನೂ ಕೊಟ್ಟು, ನಾವು ಕೈಕಟ್ಟಿ ಕುಳಿತೆವು. ಐವತ್ತು ನಿಮಿಷಗಳಲ್ಲಿ ಇಡೀ ಜಗಲಿ ಅವಳ ಅಂಗಡಿಯ ಮೇಜಿನ ಮೇಲೆ ಎದ್ದು ನಿಂತಿತು. ಒಂದು ಪಟ ಮಾತ್ರ ತೆರೆಯಲಿಲ್ಲ. ಯಾಕೆಂದು ಅವರಿಬ್ಬರೂ ಈಗಲೂ ಹುಡುಕುತ್ತಿದ್ದಾರೆ.