ದುರಂತದ ಪರಿಭಾಷೆ ಮತ್ತು ‘ಕೆರೆಗೆ ಹಾರ’

ಪ್ರೌಢಶಾಲೆಯ ವಿದ್ಯಾರ್ಥಿಗೆ ‘ದುರಂತ’ ಎಂಬ ಪದ ಹೊಸದಲ್ಲ. ಬಸ್ಸು ಉರುಳಿದ ಸುದ್ದಿಗೂ ಗೋಡೆ ಕುಸಿದ ಸುದ್ದಿಗೂ ಪತ್ರಿಕೆಗಳು ಇದೇ ಪದವನ್ನು ಬಳಸುತ್ತವೆ. ಸಾಹಿತ್ಯ ವಿಮರ್ಶೆಯಲ್ಲಿ ಅದರ ಅರ್ಥ ಬೇರೆ. ಅಲ್ಲಿ ದುರಂತವೆಂದರೆ ಆಕಸ್ಮಿಕ ಸಾವಲ್ಲ. ಮನುಷ್ಯನ ನಿರ್ಧಾರದಿಂದ ಹುಟ್ಟಿ, ಕಾರ್ಯಕಾರಣ ಸಂಬಂಧದಲ್ಲಿ ಬೆಳೆದು, ತುಂಬಲಾಗದ ನಷ್ಟದಲ್ಲಿ ಮುಗಿಯುವ ಕ್ರಿಯೆ.

ಕನ್ನಡದಲ್ಲಿ ಈ ಪರಿಕಲ್ಪನೆಗೆ ನೆಲೆ ಒದಗಿಸಿದವರಲ್ಲಿ ಬಿ.ಎಂ.ಶ್ರೀ. ಪ್ರಮುಖರು. ರನ್ನನ ಕಾವ್ಯವನ್ನು ಆಧರಿಸಿದ ‘ಗದಾಯುದ್ಧ ನಾಟಕಂ’ 1926ರಲ್ಲಿಯೂ, ಸೊಫೊಕ್ಲಿಸನ ‘ಏಜಾಕ್ಸ್’ನ ರೂಪಾಂತರವಾದ ‘ಅಶ್ವತ್ಥಾಮನ್’ 1929ರಲ್ಲಿಯೂ ಪ್ರಕಟವಾದವು. ‘ರುದ್ರನಾಟಕ’ ಎಂಬ ಪದ ಈ ಪರಂಪರೆಯೊಡನೆ ಬಳಕೆಗೆ ಬಂದಿತು. 1931ರಲ್ಲಿ ಇಂಡಿ ಭಾಗದ ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ಹೊರಬಂದು, ಜನಪದರ ದುಃಖದ ನುಡಿಯೂ ವಿದ್ವತ್ತಿನ ಗಮನ ಸೆಳೆಯಿತು. ಈ ಎರಡು ಧಾರೆಗಳನ್ನು ತರಗತಿಯಲ್ಲಿ ಒಟ್ಟಿಗೆ ತಂದರೆ ಪರಿಭಾಷೆ ಬಾಯಿಪಾಠವಾಗಿ ಉಳಿಯುವುದಿಲ್ಲ.

ಉತ್ತರ ಕರ್ನಾಟಕದ ಕಥನಗೀತೆ ‘ಕೆರೆಗೆ ಹಾರ’ ಇದಕ್ಕೆ ತಕ್ಕ ನಿದರ್ಶನ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂತಹ ಬಯಲುಸೀಮೆಯ ಮಕ್ಕಳಿಗೆ ನೀರಿಲ್ಲದ ಕೆರೆ ಕೇವಲ ಕಲ್ಪನೆಯಲ್ಲ. ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬೀಳದಾಗ, ಕಿರಿಸೊಸೆ ಭಾಗೀರಥಿಯನ್ನು ಬಲಿಕೊಡಲು ಹಿರಿಯರು ನಿಶ್ಚಯಿಸುತ್ತಾರೆ. ತವರಿಗೆ ಹೋದ ಆಕೆ ತಂದೆಗೆ ನಿಜ ಹೇಳದೆ, ತನ್ನನ್ನು ಬೇರೆ ಇಡುವರೆಂದಷ್ಟೇ ತಿಳಿಸುತ್ತಾಳೆ. ತಂದೆ ಹೊಲಮನೆಯ ಭರವಸೆ ನೀಡುತ್ತಾನೆ. ಪಾತ್ರಕ್ಕೆ ತಿಳಿಯದ್ದು ಕೇಳುಗನಿಗೆ ತಿಳಿದಿರುವ ಈ ಸ್ಥಿತಿಯೇ ‘ನಾಟಕೀಯ ವ್ಯಂಗ್ಯ’. ಭಾಗೀರಥಿ ಮುಳುಗಿದಂತೆ ಕೆರೆ ತುಂಬುತ್ತದೆ. ಮನೆತನ ಬಯಸಿದ ಫಲವೇ ಮನೆತನದ ನಾಶಕ್ಕೆ ತಿರುಗುವ ಈ ಘಟ್ಟ ‘ವಿಪರ್ಯಯ’. ದಂಡಿನಿಂದ ಮರಳಿದ ಗಂಡ ಮಾದೇವರಾಯ ಮನೆಮನೆ ವಿಚಾರಿಸಿ, ಕೊನೆಗೆ ಅವಳ ಗೆಳತಿಯಿಂದ ಸತ್ಯವನ್ನರಿಯುವುದು ‘ಅಭಿಜ್ಞಾನ’. ಅವನೂ ಅದೇ ಕೆರೆಗೆ ಹಾರುತ್ತಾನೆ.

ಆದರೆ ‘ಹಮಾರ್ಷಿಯಾ’ ಎಂಬ ಪದವನ್ನು ಬಳಸುವಾಗ ಎಚ್ಚರ ಅಗತ್ಯ. ಇದನ್ನು ಸಾಮಾನ್ಯವಾಗಿ ‘ದುರಂತ ದೋಷ’ ಎಂದು ಕಲಿಸಲಾಗುತ್ತದೆ. ಗುರಿ ತಪ್ಪುವುದು ಅದರ ಮೂಲಾರ್ಥ. ಅದು ಶೀಲದ ಕೊರತೆಗಿಂತ ತಿಳಿವಿನ ತಪ್ಪನ್ನು ಸೂಚಿಸುತ್ತದೆ. ಈ ವ್ಯತ್ಯಾಸ ತಿಳಿಯದ ವಿದ್ಯಾರ್ಥಿ ಭಾಗೀರಥಿಯಲ್ಲಿ ದೋಷ ಹುಡುಕಲು ತೊಡಗುತ್ತಾನೆ. ಆಕೆಯಲ್ಲಿ ಅಂತಹ ದೋಷವಿಲ್ಲ. ನಿರ್ದೋಷಿಯ ಪತನವನ್ನು ಅರಿಸ್ಟಾಟಲ್ ಉತ್ತಮ ದುರಂತದ ವಸ್ತುವೆಂದು ಒಪ್ಪಿರಲಿಲ್ಲ. ಇಲ್ಲಿ ತಪ್ಪು ಒಬ್ಬ ನಾಯಕನದಲ್ಲ. ಬಲಿಯಿಂದ ನೀರು ಬರುವುದೆಂದು ನಂಬಿ, ಮನೆಯಲ್ಲಿ ಅತ್ಯಂತ ಕಿರಿಯಳನ್ನು ಆರಿಸಿದ ಹಿರಿತನದ್ದು. ಆದ್ದರಿಂದಲೇ ಹಾಡು ಮುಗಿದಾಗ ಕರುಣೆ ಭಾಗೀರಥಿಯ ಕಡೆಗೂ ಭಯ ತಮ್ಮದೇ ಮನೆಯ ಕಡೆಗೂ ಹರಿಯುತ್ತದೆ. ‘ಭಾವವಿರೇಚನ’ ಎಂಬ ಪದ ವಿದ್ಯಾರ್ಥಿಗೆ ಅನುಭವವಾಗುವುದು ಇಲ್ಲಿಯೇ.

ಪರಿಭಾಷೆ ಕೃತಿಯನ್ನು ಅಳೆಯುವಂತೆ ಕೃತಿಯೂ ಪರಿಭಾಷೆಯನ್ನು ಅಳೆಯುತ್ತದೆ. ದುರಂತದ ಪಾಠದ ಸಾರ್ಥಕತೆ ಈ ಅರಿವಿನಲ್ಲಿದೆ.